ಏನಂದ ಅವನು?

ಈ ಸಲ ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಯಾವುದು ಫಸ್ಟು, ಯಾವುದು ಲಾಸ್ಟು ಅಂತ ಪಟ್ಟಿ ಮಾಡೋಕೆ ಕೂತವಳು ಮೂರನೇ ಸಾಲಿಗೇ ಅದನ್ನ ಬಿಟ್ಟು ನಮ್ಮಪ್ಪನ ವಿಷಯಕ್ಕೆ ಬಂದುಬಿಟ್ಟೆ. ಪಟ್ಟಿ ಇನ್ನೊಂದು ಸಲ. ಬೈಯೋರು ಆಗ ಬೈಯಿರಿ.

2019ರ ಏಪ್ರಿಲ್ ಕೊನೆ. 'ಅವೆಂಜರ್ಸ್: ಎಂಡ್‌ಗೇಮ್' ಬಿಡುಗಡೆಯಾದ ವಾರ. ಆಫೀಸಿನಲ್ಲಿ ಯಾರೂ ಯಾರ ಜತೆಗೂ ಮಾತಾಡುತ್ತಿರಲಿಲ್ಲ, ಎಲ್ಲಿ ಕಥೆ ಹೇಳಿಬಿಡ್ತಾರೋ ಅನ್ನೋ ಭಯ. ನಾನು ಶನಿವಾರಕ್ಕೆ ಎರಡು ಟಿಕೆಟ್ ಹಿಡಿದಿದ್ದೆ. ಜತೆಗೆ ಬರಬೇಕಿದ್ದ ಗೆಳತಿ ಕೈಕೊಟ್ಟಳು. ಅದೇ ವಾರ ಅಪ್ಪ ಕಣ್ಣು ತೋರಿಸೋಕೆ ತಿಪಟೂರಿನಿಂದ ಬಂದು ನನ್ನ ರೂಮಿನಲ್ಲಿ ಇದ್ದರು. 'ಬನ್ನಿ ಅಪ್ಪ, ನಿಮ್ಮ ಫ್ಯಾಂಟಮ್ ಥರದವರೇ ಒಂದಿಪ್ಪತ್ತು ಜನ ಒಂದೇ ಪಿಚ್ಚರಲ್ಲಿ ಇದ್ದಾರೆ' ಅಂತ ಎಳೆದುಕೊಂಡು ಹೋದೆ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು.

ಹತ್ತು ನಿಮಿಷಕ್ಕೆ ಶುರುವಾಯಿತು. 'ಏನಂದ ಅವನು?' ನಾನು ಕಿವಿಯಲ್ಲಿ ಹೇಳಿದೆ. ಎರಡು ನಿಮಿಷಕ್ಕೆ ಮತ್ತೆ, 'ಈಗ ಏನಂದ?' ಮತ್ತೆ ಹೇಳಿದೆ. ಮೂರನೇ ಸಲಕ್ಕೆ ಹಿಂದಿನ ಸೀಟಿನಿಂದ 'ಷ್' ಅಂತ ಬಂತು. ಅಪ್ಪ ಆಮೇಲೆ ಕೇಳಲಿಲ್ಲ. ಅದು ಆ ಸರಣಿಯ ಇಪ್ಪತ್ತೆರಡನೇ ಸಿನಿಮಾ, ಹಿಂದಿನ ಇಪ್ಪತ್ತೊಂದರ ಕಥೆ ಗೊತ್ತಿಲ್ಲದವರಿಗೆ ಇಂಗ್ಲಿಷ್ ಬಂದರೂ ಕಷ್ಟವೇ. ಆದರೆ ಕಥೆ ಗೊತ್ತಿಲ್ಲದೆ ಕೂರೋದು ಬೇರೆ, ಮಾತೇ ತಿಳಿಯದೆ ಕೂರೋದು ಬೇರೆ. ಇಂಟರ್ವಲ್‌ನಲ್ಲಿ ಅಪ್ಪ ಹೇಳಿದ್ರು: 'ಪುಟ್ಟಿ, ನೀನು ನೋಡು. ನಾನು ಹೊರಗೆ ಕಾಫಿ ಕುಡೀತಾ ಇರ್ತೀನಿ.'

ವಾಪಸ್ ಬರಲಿಲ್ಲ. ಕ್ಯಾಪ್ಟನ್ ಅಮೆರಿಕ ಕೈಗೆ ಥಾರ್‌ನ ಸುತ್ತಿಗೆ ಬಂದಾಗ ಇಡೀ ಹಾಲ್ ಎದ್ದು ಶಿಳ್ಳೆ ಹೊಡೆಯಿತು, ನಾನೂ ಹೊಡೆದೆ. ಪಕ್ಕದ ಸೀಟಿನಲ್ಲಿ ಅಪ್ಪನ ಪಾಪ್‌ಕಾರ್ನ್ ಡಬ್ಬ ಇತ್ತು. ಹೊರಗೆ ಬಂದು ನೋಡಿದರೆ ಎಸ್ಕಲೇಟರ್ ಪಕ್ಕದ ಬೆಂಚಿನ ಮೇಲೆ ಕೂತು ಯಾರದ್ದೋ ಮಗುವನ್ನು ಆಡಿಸುತ್ತಿದ್ದರು. 'ಗೆದ್ದರಾ?' ಅಂತ ಕೇಳಿದ್ರು. ಗೆದ್ದರು ಅಂದೆ. ಸಾಯೋರು ಯಾರು ಅಂತ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಈ ಸಿನಿಮಾ ಭಾರತದಲ್ಲಿ ಇಂಗ್ಲಿಷ್ ಬಿಟ್ಟರೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು. ಕನ್ನಡದಲ್ಲಿ ಇರಲಿಲ್ಲ. ಇರಬಾರದು ಅಂತ ಬಯಸಿದವರಲ್ಲಿ ನಾನೂ ಒಬ್ಬಳು. ಆ ದಿನ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ವಾಪಸ್ ಬರುವಾಗ ನನ್ನನ್ನು ಚುಚ್ಚಿದ್ದು ಇದೇ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನನಗೆ ಸೂಪರ್‌ಹೀರೋ ಹುಚ್ಚು ಹಿಡಿಸಿದ್ದೇ ಅಪ್ಪ. ಅವರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದರು. ಹುಡುಗರಾಗಿದ್ದಾಗ ಕೂಡಿಟ್ಟ ಇಂದ್ರಜಾಲ ಕಾಮಿಕ್ಸ್ ಒಂದು ತಗಡಿನ ಟ್ರಂಕಿನಲ್ಲಿ ಇದ್ದವು, ಕನ್ನಡದವು. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರುಮಾಡಿ 1990ರವರೆಗೆ ತಂದ ಪುಸ್ತಕಗಳು ಅವು. ಕನ್ನಡ, ತಮಿಳು, ಬಂಗಾಳಿ, ಹಿಂದಿ ಎಲ್ಲದರಲ್ಲೂ ಬರುತ್ತಿದ್ದವು. ಮೊದಮೊದಲು ಬರೀ ಫ್ಯಾಂಟಮ್, ಆಮೇಲೆ ಮ್ಯಾಂಡ್ರೇಕ್, 1976ರಲ್ಲಿ ಆಬಿದ್ ಸೂರ್ತಿಯವರ ಬಹಾದ್ದೂರ್. ಫ್ಯಾಂಟಮ್ ಹುಟ್ಟಿದ್ದು 1936ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ, ಲೀ ಫಾಕ್ ಕೈಯಲ್ಲಿ. ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ದೊಡ್ಡವನು. ಇದನ್ನ ಅಪ್ಪ ಈಗಲೂ ತಮ್ಮ ಸ್ವಂತ ಮಗನ ಮಾರ್ಕ್ಸ್ ಹೇಳುವ ಹಾಗೆ ಹೇಳ್ತಾರೆ.

ಅಕ್ಷರ ಕಲಿತದ್ದು ಶಾಲೆಯಲ್ಲಿ, ಓದೋಕೆ ಕಲಿತದ್ದು ಆ ಟ್ರಂಕಿನ ಮುಂದೆ. ಕಪಾಲದ ಉಂಗುರ, ದವಡೆಯ ಮೇಲೆ ಬೀಳೋ ಗುರುತು, ಡೆವಿಲ್ ಅನ್ನೋ ತೋಳ, ಹೀರೋ ಅನ್ನೋ ಬಿಳಿ ಕುದುರೆ, ಗುಂಪು ಗುಂಪಾಗಿ ಮರದ ಮೇಲೆ ಕೂತ ಬಂಡಾರರು. ಕಾಡಿರುವ ದೇಶದ ಹೆಸರು ನಮ್ಮ ಪುಸ್ತಕದಲ್ಲಿ ಡೆಂಕಾಲಿ. ಮೂಲದಲ್ಲಿ ಬೆಂಗಲ್ಲಾ ಅಂತಿದ್ದದ್ದನ್ನು ಇಲ್ಲಿಯ ಓದುಗರಿಗಾಗಿ ಬದಲಾಯಿಸಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಏಳನೇ ಕ್ಲಾಸಿನವರೆಗೂ ಡೆಂಕಾಲಿಯನ್ನು ಅಟ್ಲಾಸ್‌ನಲ್ಲಿ ಹುಡುಕಿದ್ದೀನಿ. ಫ್ಯಾಂಟಮ್ ಕನ್ನಡ ಮಾತಾಡ್ತಾನೆ ಅನ್ನೋದು ನಮ್ಮಿಬ್ಬರಿಗೂ ವಿಚಿತ್ರ ಅನ್ನಿಸಿರಲೇ ಇಲ್ಲ. ಮಾತಾಡದೆ ಇನ್ನೇನು?

ಪುಸ್ತಕದಲ್ಲಿ ಮಾತಾಡಬಹುದಿತ್ತು, ಪರದೆಯ ಮೇಲೆ ಮಾತಾಡೋ ಹಾಗಿರಲಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅನ್ನೋ ಕೂಗು ಎದ್ದದ್ದು 60ರ ದಶಕದಲ್ಲಿ. ಅನಕೃ, ಮ. ರಾಮಮೂರ್ತಿಯವರಂಥ ಕನ್ನಡ ಕಟ್ಟಾಳುಗಳು, ಜತೆಗೆ ರಾಜಕುಮಾರ್. ಆಗ ಕನ್ನಡ ಸಿನಿಮಾ ತಯಾರಾಗುತ್ತಿದ್ದದ್ದು ಮದ್ರಾಸಿನಲ್ಲಿ, ಬೇರೆಯವರ ಸ್ಟುಡಿಯೋದಲ್ಲಿ. ತೆಲುಗು, ತಮಿಳಿನ ದೊಡ್ಡ ಚಿತ್ರಗಳಿಗೆ ಕನ್ನಡದ ಧ್ವನಿ ಅಂಟಿಸಿ ಕಳಿಸಿದರೆ ಇಲ್ಲಿಯ ನಟರು, ಬರೆಯೋರು, ಲೈಟ್ ಹಿಡಿಯೋರು ಮನೆಗೆ ಹೋಗಬೇಕಿತ್ತು. ಆ ಕಾಲಕ್ಕೆ ಅದು ಸರಿಯೇ ಇತ್ತು ಅಂತ ನಾನು ಈಗಲೂ ನಂಬ್ತೀನಿ. ಇಲ್ಲದಿದ್ದರೆ 70ರ ದಶಕದ ಕನ್ನಡ ಸಿನಿಮಾ ನಾವು ನೋಡಿದ ರೀತಿ ಇರುತ್ತಿರಲಿಲ್ಲ.

ಆದರೆ ಇದಕ್ಕೆ ಯಾವ ಕಾನೂನೂ ಇರಲಿಲ್ಲ. ಉದ್ಯಮದವರು ತಾವೇ ಹಾಕಿಕೊಂಡ ಕಟ್ಟು. ಕಟ್ಟು ಕಟ್ಟಿದ ಕಾರಣ ಹೋದ ಮೇಲೂ ಕಟ್ಟು ಉಳಿದುಕೊಂಡಿತು. ಅದರ ನೆರಳಿನಲ್ಲಿ ಬೆಳೆದದ್ದು ರೀಮೇಕ್. ಬೇರೆ ಭಾಷೆಯಲ್ಲಿ ಗೆದ್ದ ಚಿತ್ರ ಡಬ್ ಆಗಿ ಬರೋಲ್ಲ ಅನ್ನೋ ಗ್ಯಾರಂಟಿ ಇದ್ದಾಗ ಅದರ ಹಕ್ಕು ಕೊಂಡು ಮತ್ತೆ ತೆಗೆಯೋದು ಲಾಭದ ಕೆಲಸ. ಎಲ್ಲ ರೀಮೇಕೂ ಕೆಟ್ಟದ್ದು ಅನ್ನೋ ಜಾತಿಯವಳಲ್ಲ ನಾನು. 'ಆಪ್ತಮಿತ್ರ'ವನ್ನು ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ, 'ದೃಶ್ಯ' ಬಂದಾಗ ಅಪ್ಪ ಅಮ್ಮ ಇಬ್ಬರೂ ಥಿಯೇಟರಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಎರಡೂ ಮಲಯಾಳಂ ಮೂಲದವು. ಆದರೆ ಹಾಲಿವುಡ್ಡನ್ನ ಯಾರು ರೀಮೇಕ್ ಮಾಡ್ತಾರೆ? ನೀಲಿ ಬಣ್ಣದ ಜನ ಇರುವ ಗ್ರಹವನ್ನ ಕಂಠೀರವ ಸ್ಟುಡಿಯೋದಲ್ಲಿ ಕಟ್ಟೋಕಾಗುತ್ತಾ? ಅಂಥ ಸಿನಿಮಾ ವಿಷಯದಲ್ಲಿ ಕನ್ನಡದವನಿಗೆ ಎರಡೇ ದಾರಿ: ಇನ್ನೊಂದು ಭಾಷೆ ಕಲಿ, ಇಲ್ಲ ಹೊರಗೆ ಹೋಗಿ ಕಾಫಿ ಕುಡಿ.

2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೇ' ತಮಿಳು, ತೆಲುಗು, ಮಲಯಾಳಂನಲ್ಲೆಲ್ಲ ಟಿವಿಗೆ ಬಂತು. ಕನ್ನಡದಲ್ಲಿ ಬರಲು ಬಿಡಲಿಲ್ಲ. ನಾನಾಗ ತುಮಕೂರಿನಲ್ಲಿ ಇಂಜಿನಿಯರಿಂಗ್. ಫೇಸ್‌ಬುಕ್ಕಿನಲ್ಲಿ 'ಡಬ್ಬಿಂಗ್ ಅಂದರೆ ಕನ್ನಡದ ಕೊಲೆ' ಅನ್ನೋ ಪೋಸ್ಟರ್ ಹಂಚಿದವರಲ್ಲಿ ನಾನು ಮುಂದೆ ಇದ್ದೆ. ಅದೇ ವಾರ ಹಾಸ್ಟೆಲಿನಲ್ಲಿ ಕೂತು ಅದೇ ಕಾರ್ಯಕ್ರಮವನ್ನ ಹಿಂದಿಯಲ್ಲಿ ನೋಡಿ ಅತ್ತಿದ್ದೀನಿ. ನನಗೆ ಹಿಂದಿ ಬರುತ್ತಿತ್ತಲ್ಲ! ತಿಪಟೂರಿನಲ್ಲಿ ನಮ್ಮಮ್ಮನಿಗೆ ಬರುತ್ತಿತ್ತಾ ಅಂತ ಒಂದು ಸಲವೂ ಹೊಳೆಯಲಿಲ್ಲ.

ಇನ್ನೂ ತಮಾಷೆ ನೋಡಿ. 2009ರಿಂದಲೇ ಚಿಂಟು ಟಿವಿಯಲ್ಲಿ ಹೊರಗಿನ ಕಾರ್ಟೂನ್‌ಗಳು ಕನ್ನಡ ಮಾತಾಡುತ್ತಿದ್ದವು. ಅದರಿಂದ ಕನ್ನಡ ಸತ್ತಿತು ಅಂತ ಯಾರೂ ಹೇಳಲಿಲ್ಲ. ಬೆಕ್ಕು ನಾಯಿ ಕನ್ನಡ ಮಾತಾಡಿದರೆ ಪರವಾಗಿಲ್ಲ, ಮನುಷ್ಯರು ಮಾತಾಡಿದರೆ ತೊಂದರೆ.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೀಗೆ ತಡೆಯೋದು ತಪ್ಪು ಅಂತ ಹೇಳಿ ವಾಣಿಜ್ಯ ಮಂಡಳಿ ಮತ್ತಿತರ ಸಂಘಗಳಿಗೆ ದಂಡ ಹಾಕಿತು. ದೂರು ಕೊಟ್ಟವರು ಕನ್ನಡ ಗ್ರಾಹಕರ ಕೂಟದವರು, ಅಂದರೆ ನೋಡುಗರೇ. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಆಗಿ ಬಂತು, ಪ್ರತಿಭಟನೆಯೂ ಆಯಿತು. ಬಾಗಿಲು ನಿಜವಾಗಿ ತೆರೆದದ್ದು ಮಾತ್ರ 2020ರ ಲಾಕ್‌ಡೌನ್‌ನಲ್ಲಿ. ಶೂಟಿಂಗ್ ನಿಂತು ಧಾರಾವಾಹಿಗಳು ಖಾಲಿಯಾದವು. ಆಗ ಸ್ಟಾರ್ ಸುವರ್ಣದಲ್ಲಿ ಹಿಂದಿಯ ಮಹಾಭಾರತ ಕನ್ನಡವಾಗಿ ಬಂತು. ವರ್ಕ್ ಫ್ರಂ ಹೋಮ್ ಅಂತ ನಾನು ಊರಲ್ಲೇ ಇದ್ದೆ. ಸಂಜೆ ಆದರೆ ನಮ್ಮ ಬೀದಿಯ ಪ್ರತಿ ಮನೆಯಿಂದಲೂ ಒಂದೇ ಶಂಖದ ಸದ್ದು. ಇನ್ನೊಂದು ಕಡೆ ಜೀ ಕನ್ನಡದಲ್ಲಿ 'ಮಾಲ್ಗುಡಿ ಡೇಸ್'. ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಬೀದಿ, ಮುಕ್ಕಾಲು ಪಾಲು ನಮ್ಮವರೇ ನಟರು. 80ರ ದಶಕದಲ್ಲಿ ಹಿಂದಿ ಮಾತಾಡಿದ ಅವರೆಲ್ಲ ಕನ್ನಡಕ್ಕೆ ಬರೋಕೆ ಮೂವತ್ತು ವರ್ಷ ದಾಟಿತ್ತು.

ಇನ್ನೇನು ಎಲ್ಲ ಸರಿಯಾಯಿತು ಅಂದುಕೊಂಡೆ. ನಾನು ಈ ವ್ಯಾಪಾರ ಅರ್ಥ ಮಾಡಿಕೊಂಡಿರಲಿಲ್ಲ.

2021ರ ಡಿಸೆಂಬರಿನಲ್ಲಿ 'ಪುಷ್ಪ', ಮೂರು ತಿಂಗಳಿಗೆ 'ಆರ್‌ಆರ್‌ಆರ್'. ಎರಡಕ್ಕೂ ಕನ್ನಡ ಡಬ್ಬಿಂಗ್ ಇತ್ತು, ಪೋಸ್ಟರ್ ಇತ್ತು, ಕನ್ನಡದಲ್ಲಿ ಮಾತಾಡಿದ ಸಂದರ್ಶನ ಇತ್ತು. ಬೆಂಗಳೂರಿನ ಶೋ ಪಟ್ಟಿ ತೆಗೆದರೆ ತೆಲುಗಿನದ್ದು ಪರದೆ ಎಳೆದಷ್ಟೂ ಇಳಿಯುತ್ತಿತ್ತು, ಕನ್ನಡದ್ದು ಬೆರಳೆಣಿಕೆ. ಜನ ಸಿಟ್ಟಿಗೆದ್ದು ಬಾಯ್ಕಾಟ್ ಅಂತ ಟ್ರೆಂಡ್ ಮಾಡಿದರು. ಥಿಯೇಟರಿನವರನ್ನ ಕೇಳಿದರೆ ಅವರ ಉತ್ತರ ಸರಳ: ತೆಲುಗಿನ ಶೋ ಇಟ್ಟರೆ ತುಂಬುತ್ತೆ, ಕನ್ನಡದ್ದು ತುಂಬುತ್ತೋ ಇಲ್ಲವೋ ಗೊತ್ತಿಲ್ಲ. ಶೋ ಇಡದೆ ಗೊತ್ತಾಗೋದು ಹೇಗೆ? ಬೆಳಗ್ಗೆ ಎಂಟೂವರೆಗೆ, ಊರಾಚೆಯ ಮಾಲ್‌ನಲ್ಲಿ ಒಂದು ಶೋ ಇಟ್ಟು, ಅದು ಖಾಲಿ ಹೊಡೆದರೆ 'ನೋಡಿ, ಕನ್ನಡದಲ್ಲಿ ಯಾರೂ ನೋಡೋಲ್ಲ' ಅಂತಾರೆ.

ಡಬ್ಬಿಂಗ್ ಬಂದರೆ ಕನ್ನಡದ ಸಣ್ಣ ಸಿನಿಮಾಗಳಿಗೆ ಪರದೆ ಸಿಗಲ್ಲ ಅನ್ನೋ ವಾದ ನನ್ನನ್ನ ಬಹಳ ದಿನ ಕಾಡಿತ್ತು. ಆ ಶೋ ಪಟ್ಟಿ ನೋಡಿದ ಮೇಲೆ ಬಿಟ್ಟೆ. ಸಣ್ಣ ಸಿನಿಮಾದ ಪರದೆಯನ್ನ ತೆಲುಗಿನ ಮೂಲ ಚಿತ್ರ ಆಗಲೇ ತಗೊಂಡಾಗಿದೆ. ಅದೇ ಪರದೆಯ ಮೇಲೆ ಅದೇ ಚಿತ್ರ ಕನ್ನಡದಲ್ಲಿ ಓಡಿದರೆ ಸಣ್ಣ ಸಿನಿಮಾಕ್ಕೆ ಹೊಸದಾಗಿ ಹೋಗೋದು ಏನೂ ಇಲ್ಲ. ಇನ್ನು ನಾವು ಹೊರಗೆ ಕಳಿಸೋದರ ಬಗ್ಗೆ ಹೇಳೋದೇ ಬೇಡ. 'ಕೆಜಿಎಫ್' ಹಿಂದಿಯಲ್ಲಿ ಗುಡುಗಿತು, 'ಕಾಂತಾರ' ಕನ್ನಡದಲ್ಲಿ ಬಂದು ಎರಡೇ ವಾರಕ್ಕೆ ಹಿಂದಿ, ತೆಲುಗಿಗೆ ಹೋಯಿತು. ಲಖನೌದವನು ನಮ್ಮ ಪಂಜುರ್ಲಿಯನ್ನ ಅವನ ಭಾಷೆಯಲ್ಲಿ ನೋಡಬೇಕು, ನಮ್ಮಪ್ಪ ಮಾತ್ರ ಇಂಗ್ಲಿಷ್ ಕಲಿಯಬೇಕು, ಇದು ಯಾವ ನ್ಯಾಯ?

2022ರ ಡಿಸೆಂಬರ್, 'ಅವತಾರ್: ದಿ ವೇ ಆಫ್ ವಾಟರ್'. ಕನ್ನಡದಲ್ಲೂ ಬರುತ್ತೆ ಅಂತ ಗೊತ್ತಾದ ದಿನವೇ ಅಪ್ಪನಿಗೆ ಫೋನ್ ಮಾಡಿದೆ. 'ಹೌದಾ? ಪೂರ್ತಿ ಕನ್ನಡವಾ?' ಅಂತ ಎರಡು ಸಲ ಕೇಳಿದ್ರು. ಊರಿಂದ ರೈಲು ಹತ್ತಿ ಬಂದರು. ನನ್ನ ಮನೆಯಿಂದ ಒಂದೂಕಾಲು ಗಂಟೆ ದೂರದ ಮಾಲ್, ಬೆಳಗಿನ ಮೊದಲ ಶೋ. ಆಟೋ ಇಳಿದು ಮೇಲೆ ಹೋದರೆ ಕೌಂಟರಿನ ಹುಡುಗ ಟಿಕೆಟ್ ನೋಡಿ ತಲೆ ಕೆರೆದುಕೊಂಡ. ಬುಕ್ ಆಗಿದ್ದು ಆರೇ ಟಿಕೆಟ್ ಅಂತ ಶೋ ಕ್ಯಾನ್ಸಲ್ ಮಾಡಿದ್ದರು. ದುಡ್ಡು ಐದರಿಂದ ಏಳು ದಿನದಲ್ಲಿ ವಾಪಸ್. 'ಮೇಡಂ, ಇಂಗ್ಲಿಷ್ ಶೋ ಹತ್ತೂವರೆಗೆ ಇದೆ, ಅದಕ್ಕೆ ಕಳಿಸ್ತೀನಿ' ಅಂದ. ಪಾಪ, ಅವನ ತಪ್ಪೇನೂ ಇಲ್ಲ. ಅಪ್ಪ ನನ್ನ ಮುಖ ನೋಡಿ, 'ಹೋಗೋಣ ಬಿಡು, ಇಂಗ್ಲಿಷೇ ನೋಡೋಣ. ಸಮುದ್ರ ತಾನೆ? ಸಮುದ್ರಕ್ಕೆ ಯಾವ ಭಾಷೆ' ಅಂದ್ರು. ನನಗೆ ಹಟ ಬಂತು. ನೋಡಲಿಲ್ಲ. ಕೆಳಗೆ ಇಳಿದು ಮಸಾಲೆ ದೋಸೆ ತಿಂದು ಮನೆಗೆ ಬಂದ್ವಿ. ಅಪ್ಪನಿಗೆ ಸಮುದ್ರ ತಪ್ಪಿಸಿದೆ ಅಂತ ಆಮೇಲೆ ಬೇಜಾರಾಯಿತು.

ಶೋ ಸಿಕ್ಕರೆ ಸಾಲದು, ಆ ಕನ್ನಡವೂ ಕನ್ನಡದ ಥರ ಇರಬೇಕು. ನನ್ನ ಗೆಳೆಯನೊಬ್ಬ ಡಬ್ಬಿಂಗ್‌ಗೆ ಮಾತು ಬರೀತಾನೆ. ಒಂದು ಸಂಜೆ ಅವನ ಜತೆ ಕೂತು ನೋಡಿದ ಮೇಲೆ ಆ ಕೆಲಸದ ಬಗ್ಗೆ ಹಗುರವಾಗಿ ಮಾತಾಡೋದು ನಿಲ್ಲಿಸಿದ್ದೀನಿ. ಪರದೆಯ ಮೇಲಿನವನು 'ಗೋ ಹೋಮ್' ಅಂತಾನೆ ಅಂದುಕೊಳ್ಳಿ. ಅವನ ತುಟಿ ಕೊನೆಯಲ್ಲಿ ಮುಚ್ಚುತ್ತೆ. 'ಮನೆಗೆ ಹೋಗು' ಅಂತ ಬರೆದರೆ ತುಟಿ ಮೊದಲೇ ಮುಚ್ಚಬೇಕು, ಕೊನೆಗೆ ತೆರೆದಿರಬೇಕು. ಪೂರ್ತಿ ಉಲ್ಟಾ. ನಮ್ಮ ಕ್ರಿಯಾಪದ ಬರೋದು ಕೊನೆಗೆ, ಅದು ತೆರೆದ ಬಾಯಲ್ಲೇ ಮುಗಿಯುತ್ತೆ. ಅವನು ಪೆನ್ನು ಕಚ್ಚಿಕೊಂಡು ಯೋಚಿಸಿ ಬರೆದ: 'ನಡಿಯಮ್ಮ'. ಹುಡುಗನಿಗೆ ಹೇಳೋದಾದರೆ 'ನಡಿ ತಮ್ಮ'. ತುಟಿ ಸರಿಹೋಯಿತು, ಮಾತೂ ನಮ್ಮದಾಯಿತು. ಹೀಗೆ ಒಂದೊಂದು ಸಾಲಿಗೂ ಕೂರೋಕೆ ಅವನಿಗೆ ಟೈಮ್ ಕೊಡಲ್ಲ. ಎಲ್ಲ ಭಾಷೆಯದ್ದೂ ಮುಗಿದ ಮೇಲೆ ಕನ್ನಡದ ಫೈಲ್ ಕೈಗೆ ಬರುತ್ತೆ, ನಾಳೆಗೆ ಬೇಕು ಅಂತಾರೆ. ಆಗ ಹುಟ್ಟೋದೇ 'ಓ ದೇವರೇ, ಇದನ್ನು ನಂಬಲು ನನ್ನಿಂದ ಸಾಧ್ಯವಾಗುತ್ತಿಲ್ಲ' ಅನ್ನೋ ಮಾತು. ಕಟ್ಟಡ ಬೀಳ್ತಾ ಇರುವಾಗ ಯಾವ ಕನ್ನಡದವನು ಹೀಗೆ ಪಾಠ ಒಪ್ಪಿಸ್ತಾನೆ? ಓದುಗರು ಇದನ್ನ ಕೇಳಿ ನಕ್ಕು ಇಂಗ್ಲಿಷಿಗೆ ಓಡ್ತಾರೆ. ಕನ್ನಡದ ಡಬ್ಬಿಂಗ್ ಅಂದರೆ ಇಷ್ಟೇ ಅನ್ನೋ ಹೆಸರು ಬರುತ್ತೆ. ಅರವತ್ತು ವರ್ಷ ಬಾಗಿಲು ಹಾಕಿದ್ದರ ಇನ್ನೊಂದು ನಷ್ಟ ಇದು. ತಮಿಳಿನವರು, ತೆಲುಗಿನವರು ಅಷ್ಟು ವರ್ಷ ಕೈ ಪಳಗಿಸಿಕೊಂಡರು, ನಾವು ಈಗ ಅ ಆ ಇ ಈ.

2023ರ ಜೂನ್‌ನಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಯಲ್ಲಿ ಬಂತು, ಕನ್ನಡ ಅದರಲ್ಲೊಂದು. ಈ ಸಲ ಮೊದಲೇ ಯಾರಿಗೂ ಆಸೆ ಹುಟ್ಟಿಸಲಿಲ್ಲ. ಶೋ ನಡೆಯೋದು ಖಾತ್ರಿ ಮಾಡಿಕೊಳ್ಳೋಕೆ ನಾನೇ ಎಂಟು ಟಿಕೆಟ್ ಬುಕ್ ಮಾಡಿದೆ. ಹೌದು, ಎಂಟು. ಅಪ್ಪ, ಅಕ್ಕ, ಅಕ್ಕನ ಮಗ, ನಾನು, ಉಳಿದ ನಾಲ್ಕು ಸೀಟಿನಲ್ಲಿ ನಮ್ಮ ಬ್ಯಾಗುಗಳು. ಅಕ್ಕನ ಮಗ ಒಂಬತ್ತು ವರ್ಷದವನು, ಬೆಂಗಳೂರಿನ ಮಗು. 'ಚಿಕ್ಕಿ, ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ್ರೆ ಫನ್ನಿ ಅನ್ಸಲ್ವಾ?' ಅಂತ ಕಾರಿನಲ್ಲಿ ಕೇಳಿದ. ಅಪ್ಪ ತಿರುಗಿ ನೋಡಿ, 'ಫ್ಯಾಂಟಮ್ ಮಾತಾಡ್ತಿದ್ದ ಕಣೋ, ಇವನಿಗೇನು' ಅಂದ್ರು.

ಹಾಲ್‌ನಲ್ಲಿ ನಮ್ಮನ್ನ ಬಿಟ್ಟು ಇನ್ನೊಂದು ಏಳೆಂಟು ಜನ. ಡಬ್ಬಿಂಗ್ ಅದ್ಭುತ ಅಂತ ಹೇಳಲ್ಲ, ಅಲ್ಲಲ್ಲಿ ಪಾಠದ ಕನ್ನಡ ಇತ್ತು. ಆದರೆ ಇಪ್ಪತ್ತು ನಿಮಿಷ ಆದ ಮೇಲೆ ಒಂದು ಕಡೆ ಅಪ್ಪ ಜೋರಾಗಿ ನಕ್ಕರು. ನನಗಿಂತ ಮೊದಲು. ನಾನು ಆ ತಮಾಷೆಯನ್ನ ತಲೆಯೊಳಗೆ ಇಂಗ್ಲಿಷಿಗೆ ತಿರುಗಿಸಿ ನೋಡ್ತಾ ಇದ್ದೆ, ಅವರು ನಕ್ಕು ಮುಗಿಸಿದ್ದರು. ಪೂರ್ತಿ ಎರಡೂ ಚಿಲ್ಲರೆ ಗಂಟೆ ಒಂದು ಸಲವೂ 'ಏನಂದ' ಅಂತ ಕೇಳಲಿಲ್ಲ. ಬದಲಿಗೆ ನನ್ನ ಕಿವಿಯಲ್ಲಿ ಕಾಮೆಂಟರಿ. ಹುಡುಗ ತಾನು ಸ್ಪೈಡರ್‌ಮ್ಯಾನ್ ಅಂತ ಅಪ್ಪ ಅಮ್ಮನಿಗೆ ಹೇಳಲಾಗದೆ ಒದ್ದಾಡುವಾಗ, 'ಹೇಳಿಬಿಡಬೇಕಿತ್ತು. ಅಪ್ಪ ಅನ್ನೋನು ಏನು ಹುಲಿಯಾ?' ಅಂದ್ರು. ಹಿಂದಿನಿಂದ 'ಷ್' ಬರಲಿಲ್ಲ, ಹಿಂದೆ ಯಾರೂ ಇರಲಿಲ್ಲ.

ಆ ಸಿನಿಮಾ ನೋಡಿದವರಿಗೆ ಗೊತ್ತು, ಅದು ಮುಗಿಯೋದೇ ಇಲ್ಲ. ಅಪ್ಪ ಸಾಯ್ತಾನೆ ಅಂತ ಗೊತ್ತಾಗಿ ಹುಡುಗ ಉಳಿಸೋಕೆ ಓಡ್ತಾನೆ, ಓಡಿ ತಪ್ಪು ಲೋಕಕ್ಕೆ ಬಂದು ಬೀಳ್ತಾನೆ, ಅಷ್ಟರಲ್ಲಿ ಮುಂದುವರಿಯುವುದು. ಲೈಟ್ ಬಂತು. ಅಪ್ಪ ಸೀಟಿನಿಂದ ಏಳಲಿಲ್ಲ. 'ಅರ್ಧಕ್ಕೇ ನಿಲ್ಲಿಸಿದ್ರಾ? ದುಡ್ಡು ಪೂರ್ತಿ ತಗೊಂಡು?' ವಾರಪತ್ರಿಕೆಯಲ್ಲಿ ಫ್ಯಾಂಟಮ್‌ನನ್ನ ಬಾವಿ ಅಂಚಿನಲ್ಲಿ ನೇತುಹಾಕಿ 'ಮುಂದಿನ ವಾರ' ಅಂತಿದ್ದರಂತೆ. 'ಅದು ಒಂದು ವಾರ. ಇದು ಎಷ್ಟು ದಿನ?' ಅಂದ್ರು. ಮುಂದಿನ ಭಾಗ 2024ರ ಮಾರ್ಚ್‌ಗೆ ಅಂತ ಹೇಳಿದ್ದರು, ಆಮೇಲೆ ಮುಂದಕ್ಕೆ ಹೋಯಿತು, ಹೋಗ್ತಾನೇ ಇದೆ.

ಅಪ್ಪ ಈಗಲೂ ಭಾನುವಾರ ಫೋನ್ ಮಾಡಿದಾಗ ಕೊಬ್ಬರಿ ರೇಟು, ಮಳೆ, ಅಮ್ಮನ ಮಂಡಿನೋವು ಎಲ್ಲ ಹೇಳಿ ಮುಗಿಸಿ ಕೊನೆಗೆ ಕೇಳ್ತಾರೆ: 'ಆ ಹುಡುಗ ಅವರಪ್ಪನ್ನ ಉಳಿಸಿದ್ನಾ?'

ಇನ್ನೂ ಇಲ್ಲ ಅಪ್ಪ ಅಂತೀನಿ.

'ಬಂದಾಗ ಕನ್ನಡದಲ್ಲಿ ಇರುತ್ತೆ ತಾನೆ?'

ಎಂಟು ಟಿಕೆಟ್‌ನ ದುಡ್ಡು ಬೇರೆ ಎತ್ತಿಟ್ಟಿದ್ದೀನಿ.